ಇನ್ನು ಮೇಲೆ ಅರ್ಜಿದಾರಳು ನಾನು

ರೀ,

ನೀವು ಹೋದ ಮೂರನೇ ದಿನ, ಹಾಲು-ತುಪ್ಪ ಮುಗಿಸಿ ಎಲ್ಲರೂ ವಾಪಸ್ ಬರುವಷ್ಟರಲ್ಲಿ ನಮ್ಮ ಕ್ರಾಸಿನ ಕರೆಂಟ್ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದರು. ‘ಭಾವಪೂರ್ಣ ಶ್ರದ್ಧಾಂಜಲಿ.’ ನಿಮ್ಮ ಫೋಟೋ ಮೂಲೆಯಲ್ಲಿ, ಅಂಗೈಯಷ್ಟು. ನಡುವೆ ಆಳೆತ್ತರಕ್ಕೆ ಕೈಮುಗಿದು ನಿಂತವರು ಯಾರು ಗೊತ್ತಾ? ಯಾರ ಗೆಲುವು ಸರಿಯಿಲ್ಲ ಅಂತ ನೀವು ಹೈಕೋರ್ಟಿಗೆ ಹೋಗಿದ್ದಿರೋ ಅದೇ ಎಂಪಿ ಸಾಹೇಬರು. ಅವರ ಪಕ್ಕದಲ್ಲಿ ನಿಮ್ಮ ಮುನಿರಾಜಣ್ಣ! ನಿಮ್ಮ ಪಕ್ಷದ ವಾರ್ಡ್ ಅಧ್ಯಕ್ಷ, “ನೀನ್ ಕೇಸ್ ಹಾಕು ಗುರು, ನಾವಿದ್ದೀವಿ” ಅಂತ ಇದೇ ಹಾಲಿನಲ್ಲಿ ಕೂತು ಕಾಫಿ ಕುಡಿದ ಆಸಾಮಿ. ತನ್ನ ಹುಟ್ಟುಹಬ್ಬದ ಫ್ಲೆಕ್ಸಿಗೆ ಹಾಕಿಸಿದ್ದ ತನ್ನ ನಗುವ ಫೋಟೋವನ್ನೇ ನಿಮ್ಮ ಸಾವಿಗೂ ಹಾಕಿಸಿದ್ದಾನೆ. ಯಾವಾಗ ಆ ಕಡೆ ಹಾರಿದನೋ, ನಿಮಗಂತೂ ಗೊತ್ತಿರಲಿಲ್ಲ. ಗೊತ್ತಿತ್ತಾ?

ಎಣಿಕೆಯ ದಿನ ನೀವು ಮನೆಗೆ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಏಜೆಂಟರ ಪಾಸು ಕುತ್ತಿಗೆಗೆ ಹಾಕಿಕೊಂಡು, ಮದುವೆಗೆ ಹೊರಟವರಂತೆ ಇಸ್ತ್ರಿ ಅಂಗಿಯಲ್ಲಿ ಹೋದವರು ಹರಿದ ಜೇಬಿನಲ್ಲಿ ಬಂದಿರಿ. ಅಂಚೆ ಮತ ಎಣಿಸುವ ಹೊತ್ತಿಗೆ ನಿಮ್ಮನ್ನೆಲ್ಲ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರಂತೆ. ತಿರಸ್ಕರಿಸಿದ ಅಂಚೆ ಮತಗಳೇ ಗೆದ್ದ ಅಂತರಕ್ಕಿಂತ ಹೆಚ್ಚಂತೆ. ಮತ್ತೊಮ್ಮೆ ಎಣಿಸಿ ಅಂತ ಬರೆದು ಕೊಟ್ಟರೆ ಚುನಾವಣಾಧಿಕಾರಿ ಕಾಗದವನ್ನು ಕೈಯಿಂದಲೂ ಮುಟ್ಟಲಿಲ್ಲವಂತೆ. ತಟ್ಟೆ ಮುಂದೆ ಕೂತು ನೀವು ಅನ್ನ ಕಲಸುತ್ತಲೇ ಇದ್ದಿರಿ. “ಸೋತಿದ್ರೆ ಸೋತ್ವಿ ಅಂತ ಒಪ್ಕೋತೀನಿ ಕಣೇ. ಎಣಿಸೋದನ್ನ ನೋಡೋಕೂ ಬಿಡ್ದೆ ಸೋತೆ ಅಂದ್ರೆ ಹೆಂಗ್ ಒಪ್ಕೊಳ್ಳೋದು?” ಅಂದಿರಿ.

ಸೋತ ಅಭ್ಯರ್ಥಿ ಮಾರನೇ ದಿನವೇ ಗೆದ್ದವರ ಮನೆಗೆ ಹೋಗಿ ಶಾಲು ಹೊದಿಸಿದ್ದನ್ನು ನಾವಿಬ್ಬರೂ ಟಿವಿಯಲ್ಲೇ ನೋಡಿದೆವು. ನ್ಯಾಯವಾಗಿ ಕೋರ್ಟಿಗೆ ಹೋಗಬೇಕಾದವನು ಅವನು ತಾನೇ? ಹೋದವರು ಯಾರು? ಸಂಜಯನಗರದಲ್ಲಿ ಸ್ವಿಚ್ಚು, ವೈರು ಮಾರಿಕೊಂಡಿದ್ದ ನೀವು. ಕ್ಷೇತ್ರದ ಯಾವ ಮತದಾರ ಬೇಕಾದರೂ ಚುನಾವಣೆಯನ್ನು ಪ್ರಶ್ನಿಸಬಹುದು ಅಂತ ಎಲ್ಲೋ ತಿಳಿದುಕೊಂಡು ಬಂದಿರಿ. ಆಮೇಲೆ ವಾಯಿದೆಯ ಮೇಲೆ ವಾಯಿದೆ. ಒಂದು ದಿನ ಅವರ ವಕೀಲರಿಗೆ ಮೈ ಹುಷಾರಿಲ್ಲ, ಇನ್ನೊಂದು ದಿನ ಉತ್ತರ ಸಲ್ಲಿಸಲು ಸಮಯ ಬೇಕು. ಗೆದ್ದು ಕುರ್ಚಿಯಲ್ಲಿ ಕೂತವರು ಅವಧಿ ಮುಗಿಯುವ ತನಕ ಹೀಗೇ ಎಳೆದರೆ ಗೆದ್ದ ಹಾಗೇ ಅಲ್ಲವಾ? ನೀವು ಮಾತ್ರ ಪ್ರತಿ ಸಲವೂ ಅಂಗಡಿ ಮುಚ್ಚಿ ಹೊರಡುತ್ತಿದ್ದಿರಿ.

ಕೊನೆಯ ಸಲ ಕೋರ್ಟಿನಿಂದ ಬರುತ್ತಾ ಹೆಬ್ಬಾಳದ ಫ್ಲೈಓವರಿನಿಂದ ಫೋನ್ ಮಾಡಿದಿರಿ. “ಬಸ್ಸು ಅಲ್ಲಾಡ್ತಿಲ್ಲ ಕಣೇ, ಲೇಟಾಗುತ್ತೆ” ಅಂದಿರಿ. ಎದೆ ಹಿಡಿದುಕೊಂಡಿದೆ ಅಂತ ಒಂದು ಮಾತು ಹೇಳಲಿಲ್ಲ. ನಿಮ್ಮ ಮೇಲೂ ನನಗೆ ಸಿಟ್ಟಿದೆ, ಕೇಳಿಸಿಕೊಳ್ಳಿ. ಊರಿನವರ ವೋಟಿನ ಚಿಂತೆ ಮಾಡುವವರಿಗೆ ಸ್ವಂತ ಎದೆಯ ಚಿಂತೆ ಬೇಡವಾ? ಅಷ್ಟು ಜನರಿದ್ದ ಬಸ್ಸಿನಲ್ಲಿ ಒಬ್ಬರ ಭುಜ ತಟ್ಟಿ ನೀರು ಕೇಳಿದ್ದರೂ... ಬಿಡಿ.

ತಿಥಿಯ ದಿನ ಮುನಿರಾಜಣ್ಣ ಊಟಕ್ಕೂ ಬಂದಿದ್ದ. ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಜಗಿಯುತ್ತಾ ನಾನು ಕೂತಿದ್ದ ರೂಮಿನ ಬಾಗಿಲಿಗೆ ಬಂದ.

“ಅತ್ಗೆ, ಆ ಕೇಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಹಾಕ್ದೋನೇ ಇಲ್ಲ ಅಂದ್ಮೇಲೆ ತಾನಾಗೇ ಬಿದ್ದೋಗುತ್ತೆ. ಅಣ್ಣನ ಆತ್ಮಕ್ಕೂ ಶಾಂತಿ. ಸಾಹೇಬ್ರೂ ನಿಮ್ಮನ್ನ ವಿಚಾರಿಸ್ದ್ರು.”

“ಬದುಕಿದ್ದಾಗ ಒಂದಿನಾನೂ ವಿಚಾರಿಸ್ಲಿಲ್ವಲ್ಲ, ಈಗ್ಯಾಕೆ?” ಅಂದೆ. ಹಲ್ಲು ಕಿರಿದು ಹೊರಟ. ಅವನ ಸ್ಕೂಟರು ತಿರುವು ದಾಟುವ ಮೊದಲೇ ಅಡುಗೆಮನೆಯ ಚಾಕು ತಗೊಂಡು ಬೀದಿಗೆ ಇಳಿದೆ. ಎದುರುಮನೆಯವರೆಲ್ಲ ನೋಡುತ್ತಿದ್ದರು, ನೋಡಲಿ. ಹಗ್ಗ ಕೊಯ್ದು ಆ ಫ್ಲೆಕ್ಸನ್ನು ಕೆಳಗೆ ಕೆಡವಿದೆ. ನಿಮ್ಮ ಮುಖವಿದ್ದ ಮೂಲೆಯನ್ನು ಮಾತ್ರ ಕತ್ತರಿಸಿ ಒಳಗೆ ತಂದೆ.

ಚಾಕು ತೊಳೆದಿಟ್ಟು ನಿಮ್ಮ ವಕೀಲರಮ್ಮನಿಗೆ ಫೋನ್ ಮಾಡಿ ಮುನಿರಾಜಣ್ಣನ ಮಾತು ಹೇಳಿದೆ. “ಅವ್ರು ಹೇಳಿದ್ದು ಅರ್ಧ ನಿಜ ಅಮ್ಮ” ಅಂದರು. “ಅರ್ಜಿದಾರರು ತೀರ್ಕೊಂಡ್ರೆ ಅರ್ಜಿನೂ ನಿಂತೋಗುತ್ತೆ. ಆದ್ರೆ ಅದನ್ನ ಗೆಜೆಟ್‌ನಲ್ಲಿ ಹಾಕ್ತಾರೆ. ಹಾಕಿದ ಹದಿನಾಲ್ಕು ದಿನದೊಳಗೆ ಈ ಕ್ಷೇತ್ರದ ಇನ್ನೊಬ್ಬ ಮತದಾರರು ಅವ್ರ ಜಾಗಕ್ಕೆ ನಾನ್ ಬರ್ತೀನಿ ಅಂತ ಕೇಳ್ಬೋದು. ಯಾರಾದ್ರೂ ಇದ್ದಾರಾ?” ಯಾರಿದ್ದಾರೆ ಹೇಳಿ? ನಿಮ್ಮ ಜೊತೆ ಬಾವುಟ ಹಿಡಿದು ಬಿಸಿಲಲ್ಲಿ ತಿರುಗಿದವರಿಗೆಲ್ಲ ಫೋನ್ ಮಾಡಿದೆ. ಒಬ್ಬನಿಗೆ ಮಗನ ಟೆಂಡರ್ ಕೈತಪ್ಪುವ ಭಯ, ಒಬ್ಬನಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬ ಫೋನನ್ನೇ ಹೆಂಡತಿ ಕೈಗೆ ಕೊಟ್ಟ. ಮಗಳ ವೋಟು ಮೈಸೂರಿನಲ್ಲಿದೆ, ಅವಳು ಬರುವ ಹಾಗಿಲ್ಲ. ಉಳಿದವಳು ನಾನೊಬ್ಬಳೇ.

ಗೆಜೆಟ್ ಬಂದ ಸುದ್ದಿ ತಿಳಿದ ದಿನ ಯಲಹಂಕದಿಂದ ನಿಮ್ಮಕ್ಕ ಬಂದಿದ್ದರು. ನಾನು ಹೊರಡುವುದನ್ನು ನೋಡಿ ಬಾಗಿಲಿಗೆ ಅಡ್ಡ ನಿಂತರು. “ಗಂಡನ್ನ ಕಳ್ಕೊಂಡೋಳು ಮೊದ್ಲು ದೇವಸ್ಥಾನಕ್ಕೋಗಿ ದೀಪ ಅಚ್ಚಿ ಬರ್ಬೇಕು ಕಣಮ್ಮ, ಆಮೇಲೆ ಬೇರೆ ಕಡೆ. ನೀನೇನ್ ಇಂಗೆ ಕೋರ್ಟ್ ಮೆಟ್ಲು ಅತ್ತೋಕೆ ಒಂಟಿದ್ದೀಯಾ? ಜನ ಏನಂದಾರು?” ಅಂದರು. ಅವರ ಮನಸ್ಸು ಕೆಟ್ಟದ್ದಲ್ಲ, ಪಾಪ, ತಮ್ಮನನ್ನು ಕಳೆದುಕೊಂಡವರು. ಆದರೆ ನನಗೆ ಉರಿದುಹೋಯಿತು. “ಅಕ್ಕಾ, ನಿಮ್ ತಮ್ಮನ್ನ ಎಣಿಕೆ ರೂಮಿಂದ ಕತ್ತು ಹಿಡಿದು ಆಚೆ ಹಾಕ್ದಾಗ ಈ ಜನ ಏನಂದ್ರು?” ಅಂತ ಕೇಳಿದೆ. ಅವರು ಪಕ್ಕಕ್ಕೆ ಸರಿದರು. ನಮ್ಮ ವಿದ್ಯಾರಣ್ಯಪುರದಿಂದ ಕೋರ್ಟಿನ ಕಡೆ ಹೋಗುವ ಬಸ್ಸು ಹತ್ತಿ ಕೂತೆ. ಹೆಬ್ಬಾಳ ಬಂದಾಗ ಕಣ್ಣು ಮುಚ್ಚಿಕೊಂಡೆ.

ಮೊನ್ನೆ ನನ್ನ ಅರ್ಜಿ ವಿಚಾರಣೆಗೆ ಬಂತು. ಎಂಪಿ ಕಡೆಯ ವಕೀಲರು ಎದ್ದು, ಈಕೆ ಗೃಹಿಣಿ, ದುಃಖದಲ್ಲಿದ್ದಾರೆ, ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಅಂದರು. ಹೇಳಿಕೊಡುವವರಂತೆ! ನಿಮ್ಮ ಪಕ್ಷದಲ್ಲಿ ಅಂಥ ಒಬ್ಬನಾದರೂ ಉಳಿದಿದ್ದರೆ ನಾನು ಯಾಕೆ ಬರಬೇಕಿತ್ತು? ನ್ಯಾಯಾಧೀಶರು ನನ್ನನ್ನು ಕೇಳಿದ್ದು ಒಂದೇ ಮಾತು, ನೀವು ಈ ಕ್ಷೇತ್ರದ ಮತದಾರರಾ ಅಂತ. “ಹೌದು ಸ್ವಾಮಿ” ಅಂದೆ. ಅಷ್ಟು ಸಾಕಾಯಿತು. ನಿಮ್ಮ ಕೇಸು ಉಳಿದಿದೆ ಕಣ್ರೀ. ಇನ್ನು ಮೇಲೆ ಅರ್ಜಿದಾರಳು ನಾನು.

ನೀವು ಕೇಳದೇ ಹೋದ ಸುದ್ದಿ ಇನ್ನೊಂದಿದೆ. ವೋಟಿನ ದಿನ ಬೂತಿನಿಂದ ಹೊರಗೆ ಬಂದಾಗ ನೀವು ನನ್ನ ಬೆರಳಿನ ಶಾಯಿ ನೋಡಿ ನಕ್ಕಿರಿ, ಯಾರಿಗೆ ಹಾಕಿದೆ ಅಂತ ಕೇಳಲಿಲ್ಲ. ನನ್ನ ಹೆಂಡತಿ ಇನ್ಯಾರಿಗೆ ಹಾಕುತ್ತಾಳೆ ಅಂದುಕೊಂಡಿರಿ. ನಾನು ನಿಮ್ಮವನಿಗೆ ಹಾಕಲಿಲ್ಲ. ಪ್ರಚಾರಕ್ಕೆ ಬಂದವನು ನನ್ನ ರಂಗೋಲಿಯನ್ನು ಶೂ ಕಾಲಿನಲ್ಲಿ ತುಳಿದುಕೊಂಡು ಒಳಗೆ ಬಂದು, ನಿಮ್ಮ ಹೆಸರನ್ನೂ ತಪ್ಪು ಹೇಳಿದ. ಅವನಿಗೆ ನಾನು ಯಾಕೆ ಹಾಕಲಿ? ನಾನು ಹಾಕಿದ್ದು ಗೆದ್ದವರಿಗೆ. ಈ ಎಂಪಿಗೇ. ಬೇಜಾರಾಯಿತಾ? ಆಗಲಿ. ಅದು ನನ್ನ ವೋಟು.

ಆದರೆ ಆ ವೋಟನ್ನು ನಾನು ಕೊಟ್ಟದ್ದು ನಿಮ್ಮನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಳ್ಳಲಿಕ್ಕಲ್ಲ. ಆ ಅಂಚೆ ಮತದ ಕವರುಗಳನ್ನೆಲ್ಲ ಮತ್ತೆ ತೆಗೆಸುತ್ತೇನೆ, ಎಲ್ಲರ ಕಣ್ಣ ಮುಂದೆ ಎಣಿಸುವ ತನಕ ಬಿಡುವುದಿಲ್ಲ. ಅವರೇ ಗೆದ್ದಿದ್ದರೆ ಗೆಲ್ಲಲಿ, ನಾನೇ ಹಾಕಿದ ವೋಟಲ್ಲವಾ. ಗೆದ್ದಿಲ್ಲದಿದ್ದರೆ ಅವರನ್ನು ಆ ಕುರ್ಚಿಯಿಂದ ಇಳಿಸುವವಳೂ ನಾನೇ.

ನಿಮ್ಮ
ಸಾವಿತ್ರಿ