ಮನೆಯೊಳಗಿನ ಹೆಸರು

ನವೆಂಬರ್ ೧೪, ಗುರುವಾರ
ಮಧ್ಯಾಹ್ನ, ನನ್ನ ಕೆಲಸದ ಕೋಣೆಯಿಂದ

ಪ್ರೀತಿಯ ಮಗಳೇ,

ನಿನ್ನ ಕಾಗದ ಕೈಸೇರಿ ಬಹಳ ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಎಷ್ಟು ಬೈಯಬೇಕೋ ಅಷ್ಟು ಬೈದುಕೋ. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀನು ನಂಬುವವಳಲ್ಲ. ನಿಜವಾಗಿ ಹೇಳಬೇಕೆಂದರೆ ಎರಡು ಸಲ ಬರೆಯಲು ಕೂತು ಎದ್ದುಬಿಟ್ಟೆ. ಇವತ್ತು ಹಲ್ಲುಸೆಟ್ಟಿಗೆಂದು ನಿವೃತ್ತ ಮೇಷ್ಟ್ರೊಬ್ಬರ ದವಡೆಯ ಅಚ್ಚಿಗೆ ಪ್ಲಾಸ್ಟರ್ ಸುರಿದಿದ್ದೇನೆ. ಅದು ಗಟ್ಟಿಯಾಗುವ ತನಕ ನನಗೆ ಬೇರೆ ಕೆಲಸವಿಲ್ಲ, ಎದ್ದು ಹೋಗಲು ನೆಪವೂ ಇಲ್ಲ.

ನೀನು ಹೇಗಿದ್ದೀಯ? ನಿನ್ನ ರೋಗಿಗಳು ಹೇಗಿದ್ದಾರೆ? ಕಾಲು ಮುರಿದ ಕರು ಎದ್ದು ನಿಂತಿತು ಎಂದು ಓದಿ ಅಮ್ಮ ಅದನ್ನು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ನಿನ್ನ ರೋಗಿಗಳಿಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ, ನನ್ನ ಗಿರಾಕಿಗಳಿಗೆ ಬಾಯಿಬಿಟ್ಟರೆ ಹಲ್ಲಿಲ್ಲ. ಅಪ್ಪ ಮಗಳು ಒಳ್ಳೆಯ ಕಸುಬನ್ನೇ ಹಿಡಿದಿದ್ದೇವೆ.

ನಿನ್ನ ಕಾಗದದಲ್ಲಿ ಎರಡು ಪ್ರಶ್ನೆ ಇದ್ದವು. ತಮ್ಮನ ಆ ಹೆಸರು ಮನೆಯಿಂದ ಹೊರಗೆ ಹೇಗೆ ಹೋಯಿತು ಎಂಬುದು ಒಂದು. ತಮ್ಮ ಯಾಕೆ ನಿನ್ನ ಫೋನ್ ಎತ್ತುತ್ತಿಲ್ಲ, ರಜೆ ಹಾಕಿ ಬರಲೇ ಎಂಬುದು ಇನ್ನೊಂದು. ಮೊದಲನೆಯದನ್ನು ಮೊದಲು ಹೇಳುತ್ತೇನೆ.

ಆ ಪಂದ್ಯ ನೀನೂ ನೋಡಿರುತ್ತೀ. ಗೋಲು ಕಾಯುತ್ತಿದ್ದವನು ನಿನ್ನ ತಮ್ಮ. ಅವನ ತಂಡದವನೇ ತಲೆಯಿಂದ ಹಿಂದಕ್ಕೆ ತಳ್ಳಿದ ಚೆಂಡು, ಕೂಸು ಕೂಡ ಹಿಡಿಯಬಹುದಾಗಿದ್ದ ಚೆಂಡು. ಇವನು ಬಗ್ಗಿದ, ಅದು ಕೈಕೆಳಗೆ ನುಸುಳಿ ಗೋಲಿನೊಳಗೆ ಹೋಯಿತು. ತಂಡ ಕೆಳಗಿನ ದರ್ಜೆಗೆ ಇಳಿಯಿತು. ಅವತ್ತು ಮನೆಗೆ ಬಂದವನು ಊಟ ಮಾಡಿದ, ಪಾತ್ರೆಯನ್ನೂ ತೊಳೆದಿಟ್ಟ. ಪರವಾಗಿಲ್ಲ, ತಡೆದುಕೊಂಡ ಎಂದು ನಾನು ಸಮಾಧಾನಪಟ್ಟುಕೊಂಡೆ. ನನಗೆ ಗೊತ್ತಿದ್ದದ್ದು ಹಳೆಯ ಕಾಲದ ಬೈಗುಳ. ಬೈದವರು ಎರಡು ದಿನ ಬೈದು ಮರೆಯುತ್ತಾರೆ ಎಂದುಕೊಂಡಿದ್ದೆ.

ನಮ್ಮ ಸ್ಟೇಪ್ಲರ್ ಮಾಮ ನೆನಪಿದ್ದಾನಲ್ಲ? ಕ್ರೀಡಾಂಗಣದ ಗೇಟಿನ ಹತ್ತಿರ ಅಭಿಮಾನಿಗಳ ಪತ್ರಿಕೆ ಮಾರುತ್ತಿದ್ದನಲ್ಲ, ತಾನೇ ಬರೆದು, ತಾನೇ ಜೆರಾಕ್ಸ್ ಮಾಡಿಸಿ, ಮೊಣಕಾಲ ಮೇಲಿಟ್ಟುಕೊಂಡು ಪಿನ್ ಹೊಡೆಯುತ್ತಿದ್ದವನು. ಅವನ ಬಾಯೇನು ಕಡಿಮೆಯೇ! ನಿನ್ನ ತಮ್ಮ ಮೊದಲ ಸಲ ಆಡಿದಾಗ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ‘ಗೋಲಿನ ಎರಡು ಕಂಬಗಳ ನಡುವೆ ಇನ್ನೊಂದು ಕಂಬ ನಿಲ್ಲಿಸಿದಂತಿತ್ತು’ ಎಂದು ಬರೆದಿದ್ದ. ಮಾರನೆಯ ವಾರ ಇವನು ಅದೇ ಗೇಟಿಗೆ ಹೋಗಿ, ‘ಮಾಮ, ಕಂಬಕ್ಕೂ ಒಂದು ಪ್ರತಿ ಕೊಡಿ’ ಅಂದಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನೀನು ಶಾಲೆಯಲ್ಲಿದ್ದಾಗ ಅದೇ ಪತ್ರಿಕೆಗೆ ಒಂದು ಓಲೆ ಬರೆದಿದ್ದೆ, ‘ನಿಮ್ಮ ಗೋಲ್‌ಕೀಪರ್‌ಗಿಂತ ಅಂಗಳದಲ್ಲಿ ಆಡುವ ನನ್ನ ತಮ್ಮನೇ ವಾಸಿ’ ಎಂದು. ಅದು ಅಚ್ಚಾದ ದಿನ ನಿನ್ನ ತಮ್ಮ ಆ ಸಂಚಿಕೆ ಹಿಡಿದು ಬೀದಿಯೆಲ್ಲ ಸುತ್ತಿದ.

ಮೊನ್ನೆ ಮಾಮ ಮನೆಗೆ ಬಂದಿದ್ದ. ಈಗ ಪತ್ರಿಕೆ ಯಾರೂ ಕೊಳ್ಳುವುದಿಲ್ಲವಂತೆ, ಎಲ್ಲರಿಗೂ ಫೋನ್ ಇದೆ. ‘ನಾನು ಬರೆದಿದ್ದು ಏನೂ ಸಾಚಾ ಅಲ್ಲ’ ಅಂದ. ‘ಆದ್ರೆ ನಾನು ಗೇಟಲ್ಲಿ ನಿಂತಿರ್ತಿದ್ದೆ. ಸಿಟ್ಟು ಬಂದ್ರೆ ಬಂದು ನನ್ನ ಕಪಾಳಕ್ಕೆ ಹೊಡೀಬಹುದಿತ್ತು. ಈಗ ಇವನು ಯಾರ ಕಪಾಳ ಹುಡುಕ್ಕೊಂಡು ಹೋಗ್ಬೇಕು?’ ತಮ್ಮನನ್ನು ನೋಡಬೇಕು ಅಂದ. ಕೋಣೆಯ ಬಾಗಿಲು ತೆರೆಯಲಿಲ್ಲ. ಮಾಮ ಚಹಾ ಕುಡಿಯದೆ ಹೋದ.

ಬೈಗುಳ ನಿಲ್ಲಲಿಲ್ಲ ಮಗಳೇ. ಗೋಲಾದದ್ದು ಒಂದೇ ಸಲ, ಆದರೆ ಆ ತುಣುಕು ಇವನ ಫೋನಿನಲ್ಲಿ ದಿನವಿಡೀ ಆಗುತ್ತಲೇ ಇತ್ತು. ಹಾಡು ಸೇರಿಸಿದ್ದು, ನಿಧಾನ ಮಾಡಿದ್ದು, ಚೆಂಡಿನ ಬದಲು ಏನೇನೋ ಅಂಟಿಸಿದ್ದು. ಅದರ ಕೆಳಗೆ ಸಾಯಿ ಎಂದು ಬರೆದವರಿದ್ದರು. ಹೇಗೆ ಸಾಯಬೇಕೆಂದು ಹೇಳಿಕೊಟ್ಟವರೂ ಇದ್ದರು. ಅವನು ಎಲ್ಲವನ್ನೂ ಓದುತ್ತಿದ್ದ. ‘ಯಾಕೋ ಓದ್ತೀಯ?’ ಎಂದರೆ, ‘ನನ್ನ ಬಗ್ಗೆ ಅಲ್ವಾ ಅಪ್ಪ, ನಾನಲ್ದೆ ಇನ್ಯಾರು ಓದ್ಬೇಕು’ ಅನ್ನುತ್ತಿದ್ದ.

ಇನ್ನು ನಿನ್ನ ಅಮ್ಮನ ವಿಷಯ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಲಿತದ್ದು ಒಂದೇ ಪಾಠ, ಕರೆ ಬಂದರೆ ಉತ್ತರ ಕೊಡಬೇಕು, ಯಾರನ್ನೂ ಕಾಯಿಸಬಾರದು. ನಿವೃತ್ತಳಾದರೂ ಆ ಅಭ್ಯಾಸ ಹೋಗಿಲ್ಲ, ತಪ್ಪು ನಂಬರಿನವರಿಗೂ ಕ್ಷೇಮ ಕೇಳಿಯೇ ಫೋನ್ ಇಡುತ್ತಾಳೆ. ನೀನು ಕಳಿಸಿಕೊಟ್ಟ ಟ್ಯಾಬಿನಲ್ಲಿ ಅವಳು ‘ನಿಜವಾದ ಅಭಿಮಾನಿ’ ಎಂದು ಹೆಸರು ಮಾಡಿಕೊಂಡು, ಫೋಟೋ ಜಾಗದಲ್ಲಿ ಒಂದು ಹೂವು ಇಟ್ಟುಕೊಂಡು, ಮಗನನ್ನು ಬೈದ ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಾ ಕೂತಳು. ಒಲೆ ಮೇಲೆ ಹಾಲು ಉಕ್ಕಿದರೂ ಗಮನವಿಲ್ಲ. ‘ದಯವಿಟ್ಟು ಹಾಗೆ ಅನ್ನಬೇಡಿ, ಅವರಿಗೂ ಮನಸ್ಸಿದೆ.’ ‘ತಮ್ಮ ಅಸಮಾಧಾನ ಅರ್ಥವಾಗುತ್ತದೆ, ಸ್ವಲ್ಪ ತಾಳ್ಮೆ ಇರಲಿ.’ ಲೈನ್ ಸರಿಯಿಲ್ಲವೆಂದು ಕೂಗಾಡುವ ಗಿರಾಕಿಗೆ ಹೇಳುತ್ತಿದ್ದ ಮಾತೇ ಅದು. ಒಬ್ಬನಿಗೆ ಉತ್ತರ ಕೊಟ್ಟರೆ ಹತ್ತು ಜನ ಬಂದು ಇವಳನ್ನೂ ಬೈಯುತ್ತಿದ್ದರು. ಆ ಹತ್ತು ಜನಕ್ಕೂ ಇವಳು ಉತ್ತರ ಕೊಡುತ್ತಿದ್ದಳು.

ಒಂದು ದಿನ ಯಾವನೋ ‘ಇಂಥವನು ಹುಟ್ಟಲೇಬಾರದಿತ್ತು’ ಎಂದು ಬರೆದ. ಅಮ್ಮನ ತಾಳ್ಮೆ ಅಲ್ಲಿಗೆ ತಪ್ಪಿತು. ‘ನಮ್ಮ ಗುಬ್ಬಚ್ಚಿ ದಿನ ತುಂಬುವ ಮೊದಲೇ ಹುಟ್ಟಿದವನು, ಅಂಗೈಯಷ್ಟಿದ್ದ, ಉಳಿಯುವುದಿಲ್ಲ ಎಂದಿದ್ದರು, ನಾನು ಎದೆಗೆ ಕಟ್ಟಿಕೊಂಡು ಉಳಿಸಿಕೊಂಡೆ’ ಎಂದು ಬರೆದುಬಿಟ್ಟಳು. ಹೂವಿನ ಹಿಂದೆ ಯಾರಿದ್ದಾರೆ ಎಂದು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಅವರು ಎತ್ತಿಕೊಂಡದ್ದು ಹೆಸರನ್ನು ಮಾತ್ರ. ಅವಳು ಬರೆದ ಸಾಲು ಬೈಗುಳದ ರಾಶಿಯ ಕೆಳಗೆ ಹೂತುಹೋಯಿತು, ಎಲ್ಲ ಓದುವ ಇವನ ಕಣ್ಣಿಗೂ ಬೀಳಲಿಲ್ಲ. ಬಾಗಿಲಿಗೆ ತಲೆ ತಾಗುವ ಆಳು, ಅವನ ಹೆಸರು ಗುಬ್ಬಚ್ಚಿ. ಇನ್ನೇನು ಬೇಕು ಹೇಳು. ಸಂಜೆಯೊಳಗೆ ಅವನ ಫೋಟೋಗೆಲ್ಲ ಕೊಕ್ಕು ಬಂದಿತ್ತು.

ಮುಂದಿನ ಪಂದ್ಯವನ್ನು ನಾವಿಬ್ಬರೂ ಟಿವಿಯಲ್ಲಿ ನೋಡಿದೆವು. ಚೆಂಡು ಇವನ ಹತ್ತಿರ ಬಂದಾಗಲೆಲ್ಲ ಇಡೀ ಕ್ರೀಡಾಂಗಣ ಚಿಂವ್ ಚಿಂವ್ ಎಂದು ಕೂಗುತ್ತಿತ್ತು. ಮೊದಮೊದಲು ಅಮ್ಮನ ಮುಖ ಅರಳಿತು. ‘ಕೇಳಿದ್ರಾ? ನಾನು ಬರೆದಿದ್ದು ಓದಿ ಎಲ್ರೂ ಪ್ರೀತಿಯಿಂದ ಕರೀತಿದಾರೆ’ ಅಂದಳು. ಆಮೇಲೆ ಕ್ಯಾಮೆರಾ ಅವನ ಮುಖವನ್ನು ಹತ್ತಿರದಿಂದ ತೋರಿಸಿತು. ಅಮ್ಮ ಎದ್ದು ಟಿವಿ ಆರಿಸಿದಳು. ‘ನನ್ನಿಂದಾನಾ ರೀ?’ ಅಂದಳು. ‘ನಿನ್ನಿಂದ ಯಾಕೆ? ಹಳೇ ಬೀದಿಯವರು ಯಾರೋ ಮೊದಲೇ ಹೇಳಿದ್ರಂತೆ, ನೀನು ಬರೆಯೋ ಮುಂಚೆನೇ ಬಂದಿತ್ತು’ ಎಂದು ಸುಳ್ಳು ಹೇಳಿದೆ. ಅವಳು ನಂಬಿದಳು, ಇಲ್ಲವೇ ನಂಬಬೇಕೆಂದು ತೀರ್ಮಾನ ಮಾಡಿದಳು. ಮಾರನೆಯ ಬೆಳಿಗ್ಗೆ ಆ ಟ್ಯಾಬು ನನ್ನ ಪ್ಲಾಸ್ಟರ್ ಬಕೆಟ್ಟಿಗೆ ಬಿತ್ತು. ಕೈಜಾರಿತು ಅಂದೆ. ‘ಇನ್ನೂ ಎಷ್ಟೋ ಜನಕ್ಕೆ ಉತ್ತರ ಕೊಡೋದು ಬಾಕಿ ಇತ್ತಲ್ರೀ’ ಎಂದು ಪೇಚಾಡಿದಳು. ನೀನು ಇನ್ನೊಂದು ಕೊಡಿಸುತ್ತೇನೆ ಅನ್ನಬೇಡ.

ಹೀಗಾಯಿತು ನೋಡು. ನಮ್ಮ ನಾಲ್ವರ ನಡುವೆ ಇದ್ದ ಹೆಸರು ಅದು. ಜ್ವರ ಬಂದಾಗ, ಸೋತು ಬಂದಾಗ, ಕೋಪ ಇಳಿಸಬೇಕಾದಾಗ ಅಮ್ಮ ಕರೆಯುತ್ತಿದ್ದ ಹೆಸರು. ಈಗ ಮನೆಯಲ್ಲಿ ಯಾರೂ ಅದನ್ನು ಎತ್ತುವುದಿಲ್ಲ. ಊಟಕ್ಕೆ ಕರೆಯಬೇಕಾದರೆ ಅಮ್ಮ ಬಾಗಿಲು ತಟ್ಟಿ, ‘ಊಟ’ ಎಂದಷ್ಟೇ ಹೇಳುತ್ತಾಳೆ.

ಮಣಿಕಟ್ಟಿನ ಪೆಟ್ಟು, ವಿಶ್ರಾಂತಿ ಬೇಕು ಎಂದು ಕ್ಲಬ್‌ನವರು ಹೇಳಿಕೆ ಕೊಟ್ಟಿದ್ದಾರೆ. ಮಣಿಕಟ್ಟು ನೆಟ್ಟಗಿದೆ. ಮ್ಯಾನೇಜರು ಬಂದು, ‘ಒಂದು ಸಣ್ಣ ವಿಡಿಯೋ ಮಾಡೋಣ, ನೀನೇ ಚಿಂವ್ ಅಂತ ನಕ್ಕುಬಿಡು, ಎಲ್ಲ ಮುಗಿದುಹೋಗುತ್ತೆ’ ಎಂದು ಬುದ್ಧಿ ಹೇಳಿ ಹೋದರು. ಮನಸ್ಸಿನ ಡಾಕ್ಟರು ಒಳ್ಳೆಯವರು. ಮಾತ್ರೆ ಕೊಟ್ಟಿದ್ದಾರೆ, ಫೋನ್ ದೂರ ಇಡಿ ಎಂದಿದ್ದಾರೆ, ಅವನನ್ನು ಒಬ್ಬನೇ ಬಿಡಬೇಡಿ ಎಂದು ನನ್ನನ್ನು ಬೇರೆಯಾಗಿ ಕರೆದು ಹೇಳಿದ್ದಾರೆ. ಫೋನ್ ಈಗ ನನ್ನ ಮೇಜಿನ ಖಾನೆಯಲ್ಲಿ ಬೀಗ ಹಾಕಿಕೊಂಡು ಕೂತಿದೆ. ಆದರೆ ಓದಿದ್ದೆಲ್ಲ ಅವನಿಗೆ ಬಾಯಿಪಾಠ ಆಗಿದೆ. ಅದಕ್ಕೆ ಯಾವ ಖಾನೆ ತರಲಿ?

ಒಂದು ಮಾತ್ರ ನನ್ನ ಕಣ್ಣಿಗೆ ಬಿದ್ದದ್ದು. ಮಾತಾಡುವಾಗ ಅವನ ಹಲ್ಲು ನೋಡಿದೆ, ಕಸುಬಿನ ಚಾಳಿ. ದವಡೆ ಹಲ್ಲುಗಳ ತಲೆ ಸವೆದು ಮಟ್ಟವಾಗಿದೆ, ಮುದುಕರ ಹಲ್ಲಿನ ಹಾಗೆ. ನಿದ್ದೆಯಲ್ಲಿ ಕಡಿಯುತ್ತಾನೆ. ಇಲ್ಲೇ ಕುರ್ಚಿಯಲ್ಲಿ ಕೂರಿಸಿ, ಅಚ್ಚು ತೆಗೆದು, ಮಲಗುವಾಗ ಹಾಕಿಕೊಳ್ಳಲು ಒಂದು ಕವಚ ಮಾಡಿಕೊಟ್ಟೆ. ವರ್ಷಗಟ್ಟಲೆ ಬರಬೇಕಾದದ್ದು, ಕೆಲವೇ ವಾರದಲ್ಲಿ ಕಚ್ಚಿ ತೂತು ಮಾಡಿದ. ಇನ್ನೊಂದು ಮಾಡಿದೆ, ಅದೂ ಹೋಯಿತು. ಈಗ ಮೂರನೆಯದು. ನನ್ನ ಕೈಲಾಗುವುದು ಇಷ್ಟೇ ಮಗಳೇ. ಅವನು ಕಡಿಯುತ್ತಾನೆ, ನಾನು ಮಾಡಿಕೊಡುತ್ತೇನೆ. ಅವನು ಸರಿಹೋಗುತ್ತಾನೆ ಎಂದು ನಿನಗೆ ಬರೆಯಬೇಕೆಂದಿದ್ದೆ. ಬರೆಯಲು ಕೈ ಬರುತ್ತಿಲ್ಲ.

ಮೇಷ್ಟ್ರ ದವಡೆ ಗಟ್ಟಿಯಾಗುತ್ತಾ ಬಂತು, ಇನ್ನು ಮುಗಿಸುತ್ತೇನೆ. ಹೊತ್ತುಹೊತ್ತಿಗೆ ಊಟ ಮಾಡು. ಒದೆಯುವ ಹಸುವಿನ ಹಿಂದೆ ನಿಲ್ಲಬೇಡ. ನೀನು ಹೋದ ಕಡೆ ನಿನಗೆ ಒಳ್ಳೆಯದೇ ಆಗಲಿ, ನಮ್ಮ ಪಾಲಿನದೂ ನಿನಗೇ ಬರಲಿ.

ಇತಿ ನಿನ್ನ
ಅಪ್ಪ

ಮರೆತ ಮಾತು: ಮರೆತಿಲ್ಲ, ಇಲ್ಲಿಯ ತನಕ ಮುಂದೂಡಿದೆ. ನಿನ್ನ ಎರಡನೆಯ ಪ್ರಶ್ನೆ.

ಮೂರನೆಯ ಕವಚಕ್ಕೆ ಅಚ್ಚು ತೆಗೆದ ದಿನ, ಬಾಯಿ ಮುಕ್ಕಳಿಸಿ ಅವನು ಅಂದ: ‘ಆ ಹೆಸರು ಗೊತ್ತಿರೋದು ನಮ್ಮ ನಾಲ್ಕೇ ಜನಕ್ಕೆ ಅಪ್ಪ. ನಾನು ಹೇಳಿಲ್ಲ. ನೀನು ಹೇಳೋನಲ್ಲ. ಅಮ್ಮ ಅಂತೂ ಸತ್ರೂ ಹೇಳಲ್ಲ. ಅಕ್ಕನಿಗೆ ಮೊದಲಿಂದಲೂ ಬರೆಯೋ ಚಟ.’ ನಾನು ಅಚ್ಚಿನ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಾ ನಿಂತೆ. ಅಲ್ಲ ಕಣೋ ಅನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ, ಆದರೆ ಅವನಿಗೆ ಅಷ್ಟೇ ಸಾಕಾಯಿತು.

ಅವನು ಈಗ ಬಾಗಿಲು ತೆರೆಯುವುದು ಅಮ್ಮನಿಗೆ ಮಾತ್ರ, ನನ್ನ ಕುರ್ಚಿಗೂ ಅವಳೇ ಕರೆತರಬೇಕು. ಅವಳು ಕೊಟ್ಟರೆ ಎರಡು ತುತ್ತು ತಿನ್ನುತ್ತಾನೆ, ಅವಳು ಕೊಟ್ಟರೆ ಮಾತ್ರೆ ನುಂಗುತ್ತಾನೆ. ಆ ಬಾಗಿಲೂ ಮುಚ್ಚಿಹೋದರೆ ಏನಾಗುತ್ತದೆ ಎಂದು ಯೋಚಿಸಲು ನನಗೆ ಧೈರ್ಯವಿಲ್ಲ. ಇಬ್ಬರು ಮಕ್ಕಳಲ್ಲಿ ಯಾರು ತಡೆದುಕೊಂಡಾರು ಎಂದು ತೂಗಿ ನೋಡಿ ನಿನ್ನ ತಲೆಯ ಮೇಲೆ ಹೊರಿಸಿದೆ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖವೂ ನನಗಿಲ್ಲ. ರಜೆ ಹಾಕಬೇಡ. ಫೋನ್ ಮಾಡಬೇಡ. ಬರಬೇಡ ಮಗಳೇ.

ಇದನ್ನು ಮಡಿಸುವಷ್ಟರಲ್ಲಿ ಅಮ್ಮ ಚಹಾ ತಂದಳು. ‘ಮಗಳಿಗಾ? ಬೇಗ ಹೊರಟು ಬರೋಕೆ ಹೇಳಿದ್ರಾ?’ ಅಂದಳು. ಹೇಳಿದೆ ಅಂದೆ.