ಹೊಳೆವ್ವನ ತೋಳಿನ ಗುಳ್ಳೆ

ದಾಂಡೇಲಿ
೧೬ ಮಾರ್ಚ್ ೧೯೪೧

ಪ್ರೀತಿಯ ಶಿವಗಂಗಕ್ಕನವರಿಗೆ ದ್ಯಾಮಪ್ಪನ ಶರಣು.

ಮುಂಡಗೋಡದಿಂದ ನಿಮ್ಮ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕುಳಿತೆ, ಸಿಟ್ಟಾಗಬೇಡಿ. ಹೊಳೆವ್ವ ಚೆನ್ನಾಗಿದ್ದಾಳೆ. ಅಂಬೆಗಾಲಿಟ್ಟು ಹೊಸ್ತಿಲವರೆಗೆ ಹೋಗುತ್ತಾಳೆ. ನಾನು ಕಟ್ಟಿಗೆ ಡೆಪೋಗೆ ಹೋದಾಗ ಪಕ್ಕದ ಮನೆಯ ಹಬೀಬಾಬಿ ನೋಡಿಕೊಳ್ಳುತ್ತಾರೆ, ಆಡಿನ ಹಾಲು ಕುಡಿಸುತ್ತಾರೆ.

ನಿಮ್ಮ ತಂಗಿ ಕಾಶೆವ್ವ ಬಿಟ್ಟುಹೋದ ಕೂಸನ್ನು ನೀವು ಸಾಕುತ್ತೇನೆಂದು ಕೇಳಿದ್ದು ಸರಿಯೇ. ಆದರೆ ನಿಮ್ಮ ಕಡೆ ಸಿಡುಬು ಎದ್ದಿತ್ತು. ಸಿಡುಬು ಬಾರದಂತೆ ತೋಳು ಗೀರಿ ದೇವಿ ಹಾಕಿಸಿ, ಅದು ಹತ್ತಿ ಗುಳ್ಳೆ ಎದ್ದ ಮೇಲೆಯೇ ಕಳಿಸುತ್ತೇನೆಂದು ಹೇಳಿದ್ದೆ. ಎರಡು ಸಲ ಹಾಕಿಸಿದರೂ ಹತ್ತಲಿಲ್ಲ. ತೋಳಿನ ಗೀರು ಒಣಗಿ ಮಾಸಿಹೋಯಿತು. ಹೆದರಿ, ಕೂಸನ್ನೆತ್ತಿಕೊಂಡು ಹಳಿಯಾಳದ ಡಾಕ್ಟರ ಹತ್ತಿರ ಹೋದೆ.

"ಇದರ ತಾಯಿಗೆ ದೇವಿ ಬ್ಯಾನಿ ಬಂದಿತ್ತೇನು?" ಎಂದು ಅವರು ಕೇಳಿದರು.

"ಹೌದ್ರಿ. ಈಕಿ ಹೊಟ್ಯಾಗಿದ್ದಾಗ ಬಂದಿತ್ರಿ. ಅದರಾಗಿಂದ ಪಾರಾದ್ಲು. ಹಡೆದ ಮ್ಯಾಲೆ ಬಾಣಂತಿ ಜ್ವರ ಬಂದು ಹೋಗಿಬಿಟ್ಲರಿ."

ಡಾಕ್ಟರು ಕೂಸಿನ ತೋಳು ಹಿಡಿದು ನೋಡಿದರು. "ಹಂಗಾದ್ರ ಹೆದರಬ್ಯಾಡ. ಬ್ಯಾನಿ ಕೂಡ ಕಾದಾಡಿ ಇದರ ತಾಯಿ ಗಳಿಸಿದ ಬಲ ಹೊಟ್ಯಾಗಿದ್ದಾಗನ ಕೂಸಿಗೆ ಬಂದೈತಿ. ಅದು ನಾವು ಹಾಕೂ ದೇವೀನೂ ಹತ್ತಗೊಡೂದಿಲ್ಲ. ಬರಬರತ ತಾನ ಕರಗ್ತೈತಿ. ಆವಾಗ ಮತ್ತ ಹಾಕೂಣು."

ಅಕ್ಕ, ಆಮೇಲಿನ ತಿಂಗಳುಗಳು ಕನಸಿನಲ್ಲಿ ನಡೆದಂತೆ ಕಳೆದವು. ಬೆಳಗಾದರೆ ಕಾಳಿ ಹೊಳೆಯ ಮಂಜು ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ತೊಟ್ಟಿಲಲ್ಲಿ ಹೊಳೆವ್ವ, ಯಾರೋ ಬಗ್ಗಿ ಮಾತಾಡಿಸಿದ ಹಾಗೆ, ಆ ಬಿಳುಪನ್ನು ನೋಡಿ ನಗುತ್ತಿದ್ದಳು. ಸಂಜೆ ತೇಗದ ವಾಸನೆ ಹೊತ್ತು ಮನೆಗೆ ಬರುವಾಗ, ಒಳಗೆ ದೀಪ ಹಚ್ಚಿಟ್ಟು ಯಾರೋ ಕಾಯುತ್ತಿದ್ದಾರೆ ಅನ್ನಿಸಿ ಹೆಜ್ಜೆ ಚುರುಕಾಗುತ್ತಿತ್ತು.

ಹೋದ ವಾರ ಮತ್ತೆ ದೇವಿ ಹಾಕಿಸಿದೆ. ಮೊನ್ನೆ ಹಬೀಬಾಬಿ ಕೂಸನ್ನೆತ್ತಿಕೊಂಡು ಡೆಪೋವರೆಗೆ ಓಡಿಬಂದರು.

"ದ್ಯಾಮಣ್ಣಾ, ನೋಡ್ರಿ ಇಲ್ಲೆ! ಗುಳ್ಳಿ ಎದ್ದೈತಿ! ಹತ್ತೇತಿ!"

ಎಳೆಯ ತೋಳಿನ ಮೇಲೆ ಮುತ್ತಿನಂಥ ಗುಳ್ಳೆ. ದಿಮ್ಮಿ ಹೊರುವವರೆಲ್ಲ ಸುತ್ತ ನೆರೆದು ನಕ್ಕರು. ಹಬೀಬಾಬಿ ಸೆರಗಿನಲ್ಲಿ ಬೆಲ್ಲ ತಂದು ಹಂಚಿದರು.

ಇನ್ನು ಭಯವಿಲ್ಲ. ಗುಳ್ಳೆ ಒಣಗಲಿ, ನೀವು ಬಂದು ಕರೆದೊಯ್ಯಿರಿ. ನಿಮ್ಮ ಮಕ್ಕಳೊಂದಿಗೆ ಆಡಿ ಬೆಳೆಯಲಿ. ಉಳವಿಯ ಚೆನ್ನಬಸವಣ್ಣ ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿಮ್ಮ
ದ್ಯಾಮಪ್ಪ

ತಾ.ಕ.: ಅಕ್ಕ, ಎಲ್ಲರೂ ನಗುವಾಗ ನಾನು ದಿಮ್ಮಿಗಳ ಮರೆಗೆ ಹೋಗಿ ಅತ್ತೆ. ಡಾಕ್ಟರು ಹೇಳಿದಂದಿನಿಂದ, ಕಾಶೆವ್ವ ಇನ್ನೂ ಕೂಸಿನ ಮೈಯೊಳಗೆ ಕಾವಲಿದ್ದಾಳೆಂದು ನಂಬಿ ದಿನ ನೂಕಿದ್ದೆ. ಗುಳ್ಳೆ ಎದ್ದಿತೆಂದರೆ ಅವಳು ಕೊಟ್ಟ ಬಲ ಕರಗಿತೆಂದೇ ಲೆಕ್ಕ; ನನ್ನ ಪಾಲಿಗೆ ಅವಳು ಹೋದದ್ದು ಮೊನ್ನೆ. ಮಣ್ಣು ಕೊಟ್ಟ ದಿನ ಬಾರದ ಅಳು ಅವತ್ತು ಬಂತು. ಕರೆಯಲು ಬಂದಾಗ ನಾಲ್ಕು ದಿನ ಉಳಿಯಿರಿ. ಬಂದವರೇ ಕೂಸನ್ನೆತ್ತಿಕೊಂಡು ಹೊರಟುಬಿಡಬೇಡಿ.