ಟರ್ಬೊ ಕೂರಿಸಿದ ಕೈ

ಲಗ್ಗೆರೆ, ಬೆಂಗಳೂರು
೧೦ ಮಾರ್ಚ್ ೨೦೨೫

ಪ್ರೀತಿಯ ಚನ್ನವೀರೇಶನಿಗೆ ಭೈರೇಶನ ನಮಸ್ಕಾರ.

ನಾವಿಲ್ಲಿ ಕ್ಷೇಮ. ನೀಲಮ್ಮ ಅತ್ತಿಗೆಯ ಮಂಡಿನೋವು ಈಗ ಹೇಗಿದೆ? ನೀನು ರಾಣೆಬೆನ್ನೂರಿನಿಂದ ಫೋನ್ ಮಾಡಿ, "ನಮ್ಮ ಭುವನಿ ನಿನ್ನ ಗ್ಯಾರೇಜಿನ ಕೆಲಸ ಬಿಟ್ಟು ಬಂದಾಳ. ಕೇಳಿದ್ರ 'ಸಾಕಾತು' ಅಂತಾಳ ಅಷ್ಟ. ಏನಾತು ಹೇಳೋ" ಎಂದು ಕೇಳಿ ಮೂರು ವಾರವಾಯಿತು. ಅವತ್ತು "ಗಿರಾಕಿ ಬಂದಿದ್ದಾರೆ, ಆಮೇಲೆ ಮಾಡ್ತೀನಿ ಕಣೋ" ಅಂದೆ. ಗಿರಾಕಿ ಯಾರೂ ಬಂದಿರಲಿಲ್ಲ. ತಪ್ಪಾಯಿತು, ಮನ್ನಿಸು. ಬಾಯಲ್ಲಿ ಹೇಳಹೊರಟರೆ ಸಿಟ್ಟಿನಲ್ಲಿ ಅರ್ಧ ಬಿಟ್ಟುಹೋಗುತ್ತದೆ ಅನ್ನಿಸಿ ಕಾಗದ ಹಿಡಿದಿದ್ದೇನೆ. ಪೀಣ್ಯದಲ್ಲಿ ಒಂದೇ ರೂಮಿನಲ್ಲಿದ್ದಾಗ ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಿ ನಿನಗೆ ಅಭ್ಯಾಸವಿದೆಯಲ್ಲ.

ಕಳೆದ ನವೆಂಬರಿನಲ್ಲಿ ರಾಜಾಜಿನಗರದ ಮುರಳೀಕೃಷ್ಣ ಎನ್ನುವವರು ತಮ್ಮ ಪೆಟ್ರೋಲ್ ಪಿಕಪ್ ಗಾಡಿಯನ್ನು ಗ್ಯಾರೇಜಿಗೆ ತಂದರು. ಮದುವೆ ಅಡುಗೆ ಕಾಂಟ್ರ್ಯಾಕ್ಟಿನವರು. ಕೊಪ್ಪರಿಗೆ, ಒಲೆ, ಅಕ್ಕಿ ಮೂಟೆ ಹೇರಿಕೊಂಡು ಸುಮನಹಳ್ಳಿ ಫ್ಲೈಓವರ್ ಹತ್ತುವಾಗ ಗಾಡಿ ಏದುಸಿರು ಬಿಡುತ್ತದಂತೆ. "ಹಿಂದಿನ ಆಟೋದವನು ಹಾರ್ನ್ ಹೊಡ್ದೂ ಹೊಡ್ದೂ ಮಾನ ಕಳೀತಾನೆ ಸಾರ್. ಟರ್ಬೊ ಹಾಕ್ಕೊಡಿ" ಅಂದರು.

ನೀನು ಲೇತ್ ಹಿಡಿದವನು, ಇಂಜಿನ್ ಬಿಚ್ಚಿದವನಲ್ಲ, ಅದಕ್ಕೆ ಹೇಳುತ್ತೇನೆ. ಸೈಲೆನ್ಸರಿನಿಂದ ಸುಮ್ಮನೆ ಹೋಗುವ ಹೊಗೆಯ ರಭಸದಲ್ಲಿ ಒಂದು ಚಕ್ರ ತಿರುಗಿ, ಇಂಜಿನ್ನಿನೊಳಗೆ ಹೆಚ್ಚು ಗಾಳಿ ತುರುಕುತ್ತದೆ. ಅದೇ ಟರ್ಬೊ. ಗಾಳಿ ಹೆಚ್ಚಾದರೆ ಬಲ ಹೆಚ್ಚು. ಆದರೆ ಅದಕ್ಕೆಂದು ಮಾಡಿರದ ಪೆಟ್ರೋಲ್ ಇಂಜಿನ್ನಿಗೆ ಮಿತಿಮೀರಿ ತುರುಕಿದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಪಿಸ್ಟನ್ನಿಗೆ ಸುತ್ತಿಗೆಯ ಏಟು ಬೀಳುತ್ತದೆ. ನಾನು ಆಗುವುದಿಲ್ಲ ಅಂದೆ. ಆರ್‌ಟಿಓ ಒಪ್ಪಿಗೆಯೂ ಬೇಕು ಅಂದೆ. "ಕಾಗದಪತ್ರ ನಾನು ನೋಡ್ಕೋತೀನಿ, ಕೆಲ್ಸ ನೀವು ನೋಡಿ" ಅಂದರು ಅವರು.

ಅವರು ಹೋದ ಮೇಲೆ ನಿನ್ನ ಮಗಳು ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಬಿಚ್ಚಿಟ್ಟಳು. "ಕಾಕಾ, ಆಗೂದಿಲ್ಲ ಅನಬ್ಯಾಡ್ರಿ. ಲೆಕ್ಕ ಹಾಕೇನಿ, ನೋಡ್ರಿ." ನಾಲ್ಕು ಪುಟ ಲೆಕ್ಕ. ಡಿಪ್ಲೊಮಾ ಮುಗಿಸಿ ಬಂದು ಎರಡು ವರ್ಷ ನನ್ನ ಹತ್ತಿರ ಆಯಿಲ್ ಬದಲಾಯಿಸುತ್ತ, ಬ್ರೇಕ್ ಕಟ್ಟುತ್ತ ಇದ್ದ ಹುಡುಗಿ ಇದನ್ನೆಲ್ಲ ಯಾವಾಗ ಕಲಿತಳೋ ನಾನು ಕಾಣೆ. ಮೂರು ವಾರ ಆ ಗಾಡಿಯ ಕೆಳಗೇ ಇದ್ದಳು. ಪಿಸ್ಟನ್ ಬದಲಾಯಿಸಿದಳು, ಒಳಹೋಗುವ ಗಾಳಿ ತಂಪಾಗಲೆಂದು ಮುಂದೆ ಚಿಕ್ಕ ರೇಡಿಯೇಟರ್ ಕೂರಿಸಿದಳು, ಪೆಟ್ರೋಲಿನ ಅಳತೆ ಸರಿಮಾಡಿದಳು. ಗಾಳಿಯ ಒತ್ತಡಕ್ಕೆ ಮಿತಿ ಹಾಕುವ ನಟ್ಟನ್ನು ಬಿಗಿದು, ಅದರ ಮೇಲೆ ಹಳದಿ ಬಣ್ಣದ ಗೆರೆ ಎಳೆದಳು. ಯಾರಾದರೂ ತಿರುಗಿಸಿದರೆ ಗೆರೆ ಮುರಿದು ಗೊತ್ತಾಗಲಿ ಎಂದು. ಗಾಡಿ ಕೊಡುವಾಗ ಮುರಳೀಕೃಷ್ಣರಿಗೆ ಅದನ್ನು ತೋರಿಸಿ, "ಇದನ್ನ ಮಾತ್ರ ಮುಟ್ಟಬ್ಯಾಡ್ರಿ ಸಾರ್" ಎಂದು ಎರಡು ಸಲ ಹೇಳಿದಳು.

ಕೊಪ್ಪರಿಗೆಗಳನ್ನೆಲ್ಲ ಹೇರಿಕೊಂಡೇ ಪರೀಕ್ಷೆಗೆ ಹೋದೆವು. ಸ್ಟಿಯರಿಂಗ್ ಅವಳ ಕೈಯಲ್ಲಿತ್ತು. ಸುಮನಹಳ್ಳಿಯಲ್ಲಿ ಗಾಡಿ ಮೂರನೇ ಗೇರಿನಲ್ಲೇ ಏರು ಹತ್ತಿಬಿಟ್ಟಿತು ಕಣೋ! ಅವಳು ನಗುತ್ತಿದ್ದಳು, ಅಷ್ಟೇ. ಮುರಳೀಕೃಷ್ಣರು ಮನೆಮಂದಿಯನ್ನೆಲ್ಲ ಕರೆತಂದು ಗ್ಯಾರೇಜಿನಲ್ಲೇ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ವಿಡಿಯೋ ಮಾಡಿ ಅಡುಗೆಯವರ ಗ್ರೂಪಿಗೆಲ್ಲ ಹಾಕಿದರು.

ಜನವರಿ ಕೊನೆಗೆ ಅದೇ ಗಾಡಿ ಹಗ್ಗ ಕಟ್ಟಿಸಿಕೊಂಡು ಬಂತು. ಇಂಜಿನ್ ಸತ್ತಿತ್ತು. ಜೊತೆಗೆ ಮುರಳೀಕೃಷ್ಣರು ಮತ್ತು ಅವರ ಭಾಮೈದ ಸುಧೀಂದ್ರ. ಟರ್ಬೊ ಕೂರಿಸಿದ್ದು ಹುಡುಗಿ ಎಂದು ಗೊತ್ತಾದದ್ದೇ ತಡ, ರಸ್ತೆಯವರೆಲ್ಲ ಸೇರುವ ಹಾಗೆ ಕೂಗಾಡಿದರು. "ಹೆಣ್ಣುಡುಗಿ ಕೈಲಿ ಇಂಜಿನ್ ಬಿಚ್ಚಿಸ್ತೀರಾ? ಮದುವೆ ಊಟ ದಾರೀಲೇ ನಿಂತೋಯ್ತಲ್ರೀ!"

ಭುವನಿ ಪಾನಾ ತಗೊಂಡು ಎಲ್ಲರ ಮುಂದೆಯೇ ಇಂಜಿನ್ ಬಿಚ್ಚಿದಳು. ಒಂದು ಪಿಸ್ಟನ್ನಿನ ನೆತ್ತಿಯಲ್ಲಿ ತೂತು. ಆಮೇಲೆ ಟಾರ್ಚ್ ಹಿಡಿದು ಆ ನಟ್ಟು ತೋರಿಸಿದಳು. ಹಳದಿ ಗೆರೆ ಮುರಿದಿತ್ತು, ನಟ್ಟು ನಾಲ್ಕು ಸುತ್ತು ತಿರುಗಿತ್ತು. ಸುಧೀಂದ್ರ ಏನಂದ ಗೊತ್ತೇ? "ಇನ್ನೊಂಚೂರು ಪಿಕಪ್ ಬರ್ಲಿ ಅಂತ ತಿರುಗಿಸ್ದೆ. ಅಷ್ಟಕ್ಕೇ ಸಾಯುತ್ತಾ?"

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಮುರಳೀಕೃಷ್ಣರು ಕತ್ತು ಬಗ್ಗಿಸಿ ನೋಡಿ, "ಗಂಡಸು ಮಾಡಿದ್ರೆ ತಡ್ಕೋತಿತ್ತು" ಅಂದರು. ಲೋಹಕ್ಕೆ ಗಂಡು ಹೆಣ್ಣು ಗೊತ್ತೇನಯ್ಯ? ಕಣ್ಣೆದುರು ಸಾಕ್ಷಿ ಇಟ್ಟರೂ ಇಂಥ ಮಾತಾಡಲು ನಾಲಿಗೆ ಹೇಗೆ ಹೊರಳುತ್ತದೆ? ಸಂಜೆಯೊಳಗೆ ಗ್ರೂಪಿನಲ್ಲಿ ಅವಳ ಫೋಟೊ ಹಾಕಿ, "ಈ ಹುಡುಗಿ ಕೈಗೆ ಗಾಡಿ ಕೊಡಬೇಡಿ" ಎಂದು ಬರೆದಿದ್ದರು. ಪೂಜೆಯ ದಿನ ತಾನೇ ಕರೆದು ಅವಳ ಕೈಗೆ ಪ್ರಸಾದ ಕೊಟ್ಟಿದ್ದು ಅದೇ ಮನುಷ್ಯ!

ಮರುದಿನ ಬೆಳಿಗ್ಗೆ ಅವಳು ಬೇಗ ಬಂದಿದ್ದಳು. "ಕಾಕಾ, ಪಾನಾ ಎಲ್ಲಾ ಒರಸಿ ಇಟ್ಟೇನ್ರಿ. ಎಣಿಸಿಕೊಳ್ರಿ" ಎಂದು ಹೇಳಿ, ಬ್ಯಾಗ್ ಹಾಕಿಕೊಂಡು ಹೊರಟುಬಿಟ್ಟಳು.

ಅವತ್ತೇ ನಾನು ರಾಜಾಜಿನಗರಕ್ಕೆ ಹೋಗಿ ಅವರ ಅಡುಗೆ ಗೋಡೌನಿನಲ್ಲಿ, ಕೆಲಸದವರೆಲ್ಲರ ಮುಂದೆ ಜಗಳ ತೆಗೆದೆ. ಫೋಟೊ ಅಳಿಸುವವರೆಗೂ ಅಲ್ಲಿಂದ ಕದಲಲಿಲ್ಲ. ಅಳಿಸಿದರು, ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಆ ಬಾಯಿಂದ ಬರಲಿಲ್ಲ. ಈಗ ಇನ್ನೆಲ್ಲೋ ಟರ್ಬೊ ಕೀಳಿಸಿಕೊಂಡಿದ್ದಾರಂತೆ. ಗಾಡಿ ಮತ್ತೆ ಫ್ಲೈಓವರಿನಲ್ಲಿ ತೇಕುತ್ತಿದೆಯಂತೆ. ತೇಕಲಿ. ಇಷ್ಟು ಬರೆದರೂ ನನ್ನ ಸಿಟ್ಟು ಇಳಿದಿಲ್ಲ.

ನಿನ್ನ ಮಗಳ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ನೀನೂ ಅತ್ತಿಗೆಯೂ ತಲೆಯೆತ್ತಿ ಯಾರಿಗೆ ಬೇಕಾದರೂ ಹೇಳಬಹುದು. ಅತ್ತಿಗೆಗೆ ನನ್ನ ನಮಸ್ಕಾರ. ಭುವನಿಗೆ ಆಶೀರ್ವಾದ. ಅವಳು ಹಿಡಿದ ಕೆಲಸ ಅವಳ ಕೈಬಿಡದಿರಲಿ.

ನಿನ್ನ
ಭೈರೇಶ್

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿದ್ದೇನೆ. ಒಂದು ಸಂಗತಿ ಬಿಟ್ಟಿದ್ದೆ, ಮರೆತಲ್ಲ. ಪೂಜೆಯ ದಿನ ವಿಡಿಯೋದಲ್ಲಿ "ಇದನ್ನ ಮಾಡಿದ್ಯಾರು ಸಾರ್?" ಎಂದು ಮುರಳೀಕೃಷ್ಣರು ಕೇಳಿದಾಗ "ಇದು ನನ್ನ ಮೂವತ್ತು ವರ್ಷದ ಅನುಭವ" ಎಂದವನು ನಾನು. ಭುವನಿ ಪಕ್ಕದಲ್ಲೇ ನಿಂತಿದ್ದಳು. ಗಾಡಿ ಸತ್ತು ಬಂದ ದಿನ, ಅವಳು ಇಂಜಿನ್ ಬಿಚ್ಚುವ ಮೊದಲೇ, "ನಾನು ಕೈ ಹಾಕಿಲ್ಲ ಸಾರ್, ಎಲ್ಲಾ ಆ ಹುಡುಗೀದೇ" ಎಂದು ಬೆರಳು ತೋರಿಸಿದವನೂ ನಾನೇ. ಅವರೆಲ್ಲ ಕೂಗಾಡುವಾಗ ಅವಳು ಅವರ ಕಡೆ ನೋಡಲೇ ಇಲ್ಲ. ನನ್ನನ್ನು ನೋಡುತ್ತಿದ್ದಳು. ಇಷ್ಟಾದರೂ ನಿನ್ನ ಹತ್ತಿರ ನನ್ನ ಹೆಸರು ಹೇಳಿಲ್ಲ ನೋಡು.

ಇದನ್ನು ಅವಳಿಗೆ ಓದಿ ಹೇಳಬೇಡ. ಇಪ್ಪತ್ತಮೂರನೇ ತಾರೀಖು ಭಾನುವಾರ ನಾನೇ ಬಂದು ಹೇಳುತ್ತೇನೆ. ಅವಳು ಬಾಗಿಲು ತೆಗೆಯದಿದ್ದರೆ ನೀನೂ ತೆಗೆಯಬೇಡ.